ಹಳೆಯ ಡೀಸೆಲ್ ಜೀಪಿಗೆ ಬೇರೆ ಎಂಜಿನ್: ಏರು ಹತ್ತುವ ಶಕ್ತಿ ನಿಜಕ್ಕೂ ಹೆಚ್ಚುತ್ತದೆಯೇ?

ಗಡಿನಾಡಿನ ಗುಡ್ಡೆಗಳಲ್ಲಿ ತೋಟ ಇರುವವರಿಗೆ ಜೀಪು ಎಂಬುದು ಶೋಕಿಯ ವಾಹನವಲ್ಲ. ಗೊಬ್ಬರ ಏರಬೇಕು, ಅಡಿಕೆ ಇಳಿಯಬೇಕು, ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಆಸ್ಪತ್ರೆಗೂ ಅದೇ ಆಗಬೇಕು. ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ಒಳರಸ್ತೆಗಳಲ್ಲಾಗಲಿ, ವಯನಾಡಿನ ಶುಂಠಿ ಗದ್ದೆಗಳಲ್ಲಾಗಲಿ, ನೀಲಗಿರಿಯ ಚಹಾ ತೋಟಗಳಲ್ಲಾಗಲಿ ಇಪ್ಪತ್ತು ಮೂವತ್ತು ವರ್ಷ ದಾಟಿದ ಮಹೀಂದ್ರ ಜೀಪುಗಳು ಇಂದಿಗೂ ದುಡಿಯುತ್ತಿವೆ. ಇವುಗಳ ಮಾಲೀಕರು ವರ್ಕ್‌ಶಾಪಿನಲ್ಲಿ ಹೇಳುವ ದೂರು ಕನ್ನಡ, ಮಲಯಾಳ, ತಮಿಳು ಮೂರರಲ್ಲೂ ಒಂದೇ ಪದದ್ದು: ‘ಪುಲ್ಲಿಂಗ್ ಇಲ್ಲ’.

ಅದಕ್ಕೆ ಸಿಗುವ ಉತ್ತರವೂ ಈಗೀಗ ಒಂದೇ ಆಗಿದೆ. “ಅಣ್ಣಾ, ಇದಕ್ಕೆ ಇನ್ನು ಖರ್ಚು ಮಾಡಿ ಫಲವಿಲ್ಲ, ಬೇರೆ ಎಂಜಿನ್ ಕೂರಿಸುವ.” ಯಾರೋ ಕ್ವಾಲಿಸ್ ಎಂಜಿನ್ ಇಟ್ಟಿದ್ದಾರೆ, ಇನ್ನಾರೋ ಟರ್ಬೊ ಹಾಕಿಸಿದ್ದಾರೆ, ಈಗ ಅವರ ಜೀಪು ಹಾರಿಕೊಂಡು ಹೋಗುತ್ತದೆ ಎಂಬ ಸುದ್ದಿ ಜೊತೆಗೆ ಬರುತ್ತದೆ. ಸುದ್ದಿ ಪೂರ್ತಿ ಸುಳ್ಳಲ್ಲ. ಆದರೆ ಹಾರಿಕೊಂಡು ಹೋಗುವುದು ಎಲ್ಲಿ, ಡಾಮರು ರಸ್ತೆಯಲ್ಲೋ ಅಥವಾ ಕೆಸರಿನ ಏರಿನಲ್ಲೋ ಎಂದು ಕೇಳುವವರು ಕಡಿಮೆ. ಲಕ್ಷದ ಮಾತಾದ ಈ ಖರ್ಚಿಗೆ ಕೈಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಅದೇ.

ಮೊದಲು ವಾಹನದ ಪರಿಚಯ ಮಾಡಿಕೊಳ್ಳೋಣ. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಜೋಡಿಸಿ ಮಾರಲು ತೊಡಗಿತು. ಆಗ ಅದು ಪೆಟ್ರೋಲ್ ವಾಹನ. ಅನಂತರ ಇಂಟರ್‌ನ್ಯಾಷನಲ್ ಟ್ರಾಕ್ಟರಿನ ಕುಲಕ್ಕೆ ಸೇರಿದ 2350 ಸಿಸಿ ಡೀಸೆಲ್ ಎಂಜಿನ್ ಬಂತು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ 2112 ಸಿಸಿ ಡೀಸೆಲ್ ಎಂಜಿನ್ ಬಂತು. ಎಂಎಂ 540 ಜೀಪಿನ ಮೂಲಕ ಹೆಚ್ಚಿನವರಿಗೆ ಗೊತ್ತಿರುವುದು ಇದೇ. ಹೊಸದರಲ್ಲಿ ಇದರ ಶಕ್ತಿ ಸುಮಾರು 62 ಎಚ್‌ಪಿ, ಟಾರ್ಕ್ ಸುಮಾರು 12 ಕೆಜಿ-ಮೀಟರ್. ಕೊನೆಗೆ 2523 ಸಿಸಿಯ ಡಿಐ ಎಂಜಿನ್ ಬಂತು. ಬೊಲೆರೊ ಓಡಿಸಿದವರಿಗೆಲ್ಲ ಅದು ಪರಿಚಿತ. ಎಂಜಿನ್ ಹೀಗೆ ನಾಲ್ಕು ಬಗೆ ಬದಲಾದರೂ ಅದರ ಹಿಂದಿನ ಗೇರ್‌ಬಾಕ್ಸ್, ಫೋರ್ ವೀಲ್ ಪೆಟ್ಟಿಗೆ, ಆಕ್ಸಲ್‌ಗಳ ಮೂಲ ವಿನ್ಯಾಸ ಬಹುಕಾಲ ವಿಲ್ಲಿಸ್ ಕಾಲದ್ದೇ ಆಗಿತ್ತು. ಈ ಸಂಗತಿ ಮುಂದೆ ಮತ್ತೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಎಚ್‌ಪಿ ಬೇರೆ, ಟಾರ್ಕ್ ಬೇರೆ

ಟಾರ್ಕ್ ಎಂದರೆ ತಿರುಚುವ ಬಲ. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ 12 ಕಿಲೋ ತೂಕ ಕಟ್ಟಿದರೆ ನಟ್ಟಿನ ಮೇಲೆ ಬೀಳುವ ಬಲ 12 ಕೆಜಿ-ಮೀಟರ್. ಎಚ್‌ಪಿ ಎಂದರೆ ಆ ಬಲವನ್ನು ಎಷ್ಟು ಬೇಗ ಬೇಗ ಕೊಡಬಲ್ಲದು ಎಂಬ ಲೆಕ್ಕ. ಹೇರು ಹೊತ್ತು ಏರನ್ನು ಹತ್ತುವುದಕ್ಕೆ ಚಕ್ರದ ಬಳಿ ಬಲ ಬೇಕು. ಅದೇ ಏರನ್ನು ವೇಗವಾಗಿ ಹತ್ತುವುದಕ್ಕೆ ಎಚ್‌ಪಿ ಬೇಕು. ಚಕ್ರದ ಬಳಿಯ ಬಲವನ್ನು ಎಂಜಿನ್ ಒಂದೇ ಕೊಡುವುದಲ್ಲ, ಗೇರುಗಳು ಅದನ್ನು ಹಲವು ಪಟ್ಟು ಮಾಡಿ ಕೊಡುತ್ತವೆ.

ಮೂರು ಗೇರಿನ ಹಳೆಯ ಜೀಪಿನ ಲೆಕ್ಕವನ್ನೇ ಮಾಡಿ ನೋಡೋಣ. ಗೇರ್‌ಬಾಕ್ಸಿನ ಫಸ್ಟ್ ಗೇರ್ ಬಲವನ್ನು 2.8 ಪಟ್ಟು ಮಾಡುತ್ತದೆ. ಫೋರ್ ವೀಲ್ ಲೋ ಹಾಕಿದರೆ ಅದು ಮತ್ತೆ 2.46 ಪಟ್ಟು. ಆಕ್ಸಲಿನ ಕ್ರೌನ್-ಪಿನಿಯನ್ 5.38 ಪಟ್ಟು. ಮೂರನ್ನೂ ಗುಣಿಸಿದರೆ 37 ಆಯಿತು. ಎಂದರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ, ಬಲ 37 ಪಟ್ಟಾಗುತ್ತದೆ. ಪ್ಯೂಜೋ ಎಂಜಿನ್ನಿನ 12 ಕೆಜಿ-ಮೀಟರ್ ಚಕ್ರದ ಬಳಿ 444 ಆಗುತ್ತದೆ. ಗೇರುಗಳ ಉಜ್ಜಾಟದಲ್ಲಿ ಹೋಗುವುದನ್ನು ಕಳೆದರೂ 375ರಷ್ಟು ಉಳಿಯುತ್ತದೆ. ಚಕ್ರದ ನಡುವಿನಿಂದ ನೆಲಕ್ಕೆ ಸುಮಾರು 36 ಸೆಂಟಿಮೀಟರ್ ಇರುವುದರಿಂದ ಜೀಪನ್ನು ಮುಂದಕ್ಕೆ ದೂಡುವ ಬಲ ಸಾವಿರ ಕಿಲೋ ಚಿಲ್ಲರೆ.

ಇನ್ನು ಬೇಕಾದದ್ದು ಎಷ್ಟು? ಜನ, ಸಾಮಾನು ಸೇರಿ ಜೀಪು 1700 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಮೂರು ಅಡಿ ಮುಂದೆ ಹೋಗುವಾಗ ಒಂದು ಅಡಿ ಮೇಲೇರುವ ದಾರಿ, ಅಂದರೆ ಹೊಸಬರು ನೋಡಿದರೆ ಇಳಿದು ನಡೆಯುವಂಥ ಏರು. ಅದನ್ನು ಹತ್ತಲು ಸುಮಾರು 540 ಕಿಲೋ ಬಲ ಸಾಕು. ಕೆಸರು ಹಿಡಿದೆಳೆಯುವುದನ್ನು ಸೇರಿಸಿದರೂ 620ರ ಆಚೆಗೆ ಹೋಗದು. ಎಂಜಿನ್ ಮುದಿಯಾಗಿ ಶೇಕಡಾ 30ರಷ್ಟು ಶಕ್ತಿ ಕಳೆದುಕೊಂಡಿದ್ದರೂ ಅದರ ಬಳಿ 700 ಕಿಲೋ ಬಲ ಇದೆ. ಹಾಗಿದ್ದರೆ ಮಳೆಗಾಲದಲ್ಲಿ ಜೀಪು ನಿಲ್ಲುವುದೇಕೆ?

ಎಂಜಿನ್ ಸೋತು ನಿಲ್ಲುವುದಲ್ಲ, ಟೈರು ಸೋತು ನಿಲ್ಲುವುದು. ಒದ್ದೆ ಮುರಮಣ್ಣಿನ ಮೇಲೆ ಟೈರಿನ ಹಿಡಿತ ಹೊತ್ತ ತೂಕದ ನೂರಕ್ಕೆ ಮೂವತ್ತು ನಲವತ್ತು ಪಾಲು ಮಾತ್ರ. 1700 ಕಿಲೋ ಜೀಪಿಗೆ ಹೆಚ್ಚೆಂದರೆ 650 ಕಿಲೋ, ಅದೂ ನಾಲ್ಕು ಚಕ್ರವೂ ನೆಲದಲ್ಲಿದ್ದರೆ. ಅದಕ್ಕಿಂತ ಹೆಚ್ಚು ಬಲ ಕೊಟ್ಟರೆ ಚಕ್ರ ಗಿರ್ರನೆ ತಿರುಗಿ ಗುಂಡಿ ತೋಡುತ್ತದೆ, ಅಷ್ಟೇ. ಈಗಾಗಲೇ ಸಾವಿರ ಕಿಲೋ ದೂಡಬಲ್ಲ ಎಂಜಿನ್ ತೆಗೆದು ಒಂದೂವರೆ ಸಾವಿರ ದೂಡಬಲ್ಲದ್ದನ್ನು ಇಟ್ಟರೆ ಆ ಗುಂಡಿ ಇನ್ನೂ ಬೇಗ ಆಳವಾದೀತು. ಇದರ ಮೇಲೆ ಹಳೆಯ ಜೀಪಿನ ಡಿಫರೆನ್ಷಿಯಲ್ ಇನ್ನೊಂದು ತೊಡಕು. ಒಂದು ಬದಿಯ ಚಕ್ರ ಹಿಡಿತ ತಪ್ಪಿದರೆ ಅದು ಸುಮ್ಮನೆ ತಿರುಗುತ್ತಿರುತ್ತದೆ, ಅದರ ಜೋಡಿ ಚಕ್ರಕ್ಕೂ ಬಲ ಸಿಗುವುದಿಲ್ಲ. ಚರಳು ದಾರಿಯ ಹೊಂಡದಲ್ಲಿ ಓರೆಯಾಗಿ ಒಂದು ಹಿಂದಿನ ಚಕ್ರ, ಒಂದು ಮುಂದಿನ ಚಕ್ರ ಎದ್ದು ನಿಂತಾಗ ಫೋರ್ ವೀಲ್ ಇದ್ದೂ ಜೀಪು ಕದಲದಿರುವುದು ಇದಕ್ಕಾಗಿಯೇ. ನೂರು ಎಚ್‌ಪಿ ಇದ್ದರೂ ಅಲ್ಲಿ ಪ್ರಯೋಜನವಿಲ್ಲ.

ಆದ್ದರಿಂದ ತೋಟದ ದಾರಿಯೇ ನಿಮ್ಮ ಕಷ್ಟವಾಗಿದ್ದರೆ ಹಣ ಹೋಗಬೇಕಾದದ್ದು ಆಳವಾದ ಹಲ್ಲಿನ ಟೈರಿಗೆ. ನಮ್ಮ ಹಳೆಯ ಡ್ರೈವರುಗಳು ಟೈರಿಗೆ ಕಬ್ಬಿಣದ ಚೈನು ಸುತ್ತಿ ಗುಡ್ಡೆ ಏರಿಸುತ್ತಿದ್ದುದು ಈ ಲೆಕ್ಕ ಗೊತ್ತಿದ್ದೇ. ಕೆಸರಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೂ ಹಿಡಿತ ಹೆಚ್ಚುತ್ತದೆ. ಡಾಮರಿಗೆ ಬಂದ ಮೇಲೆ ಮತ್ತೆ ತುಂಬಿಸಬೇಕು, ಅದನ್ನು ಮರೆಯುವವರೇ ಹೆಚ್ಚು. ಚಂದಕ್ಕೆಂದು ದೊಡ್ಡ ಟೈರು ಹಾಕುವವರು ಇನ್ನೊಂದು ತಿಳಿಯಬೇಕು. 28 ಇಂಚಿನ ಟೈರಿನ ಜಾಗಕ್ಕೆ 31 ಇಂಚಿನದು ಬಂದರೆ ಎಳೆಯುವ ಬಲ ಶೇಕಡಾ ಹತ್ತರಷ್ಟು ಕಡಿಮೆಯಾಗುತ್ತದೆ. ಹಾಗೆ ಮಾಡಿಕೊಂಡು ಆಮೇಲೆ ‘ಪುಲ್ಲಿಂಗ್ ಇಲ್ಲ’ ಎಂದು ಎಂಜಿನ್ ಹುಡುಕಿಕೊಂಡು ಹೋಗುವವರಿದ್ದಾರೆ.

ಹಾಗಾದರೆ ಎಂಜಿನ್ನಿನಿಂದ ಲಾಭ ಎಲ್ಲಿ?

ಡಾಮರು ರಸ್ತೆಯ ಉದ್ದ ಏರಿನಲ್ಲಿ. ಅಲ್ಲಿ ಲೋ ಗೇರ್ ಹಾಕಿ ಆಮೆಯಂತೆ ಹೋಗಲಾಗದು, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ. ಅದೇ ಜೀಪು ಟಾಪ್ ಗೇರಿನಲ್ಲಿ ಹನ್ನೆರಡು ಅಡಿಗೆ ಒಂದು ಅಡಿ ಏರುವ ಘಾಟಿ ರಸ್ತೆ ಹತ್ತಬೇಕು ಎನ್ನಿ. ಬೇಕಾದ ಬಲ ಸುಮಾರು 175 ಕಿಲೋ. ಹೊಸ ಪ್ಯೂಜೋ ಎಂಜಿನ್ ಕೂಡ ಟಾಪ್ ಗೇರಿನಲ್ಲಿ ಕೊಡಬಲ್ಲದ್ದು 160 ಮಾತ್ರ. ಆದ್ದರಿಂದ ಸೆಕೆಂಡಿಗೆ ಇಳಿಸಲೇಬೇಕು, ಗುರುಗುಟ್ಟುತ್ತಾ ಹತ್ತಲೇಬೇಕು. ಇದೇ ಜಾಗದಲ್ಲಿ ಟರ್ಬೊ ಇರುವ ಡಿಐ ಎಂಜಿನ್ ಕೂರಿಸಿದರೆ ಕತೆ ಬದಲಾಗುತ್ತದೆ. ಅದರ ಎಚ್‌ಪಿ ಕೇಳಿದರೆ ನಗು ಬಂದೀತು: 63. ಪ್ಯೂಜೋಗಿಂತ ಒಂದೇ ಒಂದು ಹೆಚ್ಚು. ಆದರೆ ಟಾರ್ಕ್ ಸುಮಾರು 18 ಕೆಜಿ-ಮೀಟರ್, ಅದೂ 1500 ಸುತ್ತಿನ ಆಸುಪಾಸಿನಲ್ಲಿಯೇ ಸಿಗುತ್ತದೆ. ಟಾಪ್ ಗೇರಿನಲ್ಲಿ 240 ಕಿಲೋ ಬಲ, ಏರು ಆರಾಮವಾಗಿ ಹತ್ತುತ್ತದೆ. ಡೀಸೆಲನ್ನು ನೇರವಾಗಿ ಪಿಸ್ಟನ್ ಮೇಲೆ ಚಿಮ್ಮಿಸುವ ಎಂಜಿನ್ ಆದ್ದರಿಂದ, ಮೊದಲು ಚಿಕ್ಕ ಕೋಣೆಯಲ್ಲಿ ಉರಿಸುವ ಪ್ಯೂಜೋಗಿಂತ ಡೀಸೆಲ್ ಖರ್ಚೂ ಶೇಕಡಾ ಹತ್ತರ ಮೇಲೆ ಉಳಿಯುತ್ತದೆ. ಅಗ್ಗ ಎಂದು ಗಡಿ ದಾಟಿ ಡೀಸೆಲ್ ತುಂಬಿಸುವ ನಮ್ಮವರಿಗೆ ಇದು ಸಣ್ಣ ಮಾತಲ್ಲ.

ಇಲ್ಲೂ ಒಂದು ಸಿಕ್ಕಿದೆ. ಪ್ಯೂಜೋ 4500 ಸುತ್ತಿನವರೆಗೆ ಓಡುವ ಎಂಜಿನ್, ಡಿಐಯ ಪೂರ್ಣ ಶಕ್ತಿ 3200ಕ್ಕೇ ಮುಗಿಯುತ್ತದೆ. 5.38ರ ಹಳೆಯ ಆಕ್ಸಲಿನ ಮೇಲೆ ಅದನ್ನು ಕೂರಿಸಿದರೆ ಗಂಟೆಗೆ 80 ಕಿಲೋಮೀಟರ್ ಮುಟ್ಟುವ ಹೊತ್ತಿಗೆ ಎಂಜಿನ್ ತನ್ನ ಮಿತಿ ತಲುಪಿರುತ್ತದೆ; 60ರಲ್ಲೇ ಕಿವಿ ಮುಚ್ಚಿಕೊಳ್ಳಬೇಕು. ಅದು ಬೇಡವೆಂದು ಕ್ರೌನ್-ಪಿನಿಯನ್ ಬದಲಿಸಿ ನಾಲ್ಕೂಕಾಲರ ಲೆಕ್ಕದ್ದು ಹಾಕಿಸಿದರೆ ಓಟ ಸಿಗುತ್ತದೆ, ಆದರೆ ಶೇಕಡಾ 50 ಇದ್ದ ಟಾರ್ಕಿನ ಲಾಭ ಚಕ್ರದ ಬಳಿ 20ಕ್ಕೆ ಇಳಿಯುತ್ತದೆ. ಎರಡೂ ಬೇಕೆಂದರೆ ಐದು ಗೇರಿನ ಪೆಟ್ಟಿಗೆಯೂ ಬೇಕು. ಖರ್ಚು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬೆಳೆಯುತ್ತದೆ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಬದಿಯಡ್ಕದಲ್ಲಿ 62 ಎಚ್‌ಪಿ ಕೊಡುವ ಎಂಜಿನ್ 2200 ಮೀಟರ್ ಮೀರಿದ ಊಟಿಯಲ್ಲಿ 50 ಕೊಟ್ಟರೆ ಹೆಚ್ಚು. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟದ ಬಹುಪಾಲನ್ನು ತುಂಬಿಕೊಡುತ್ತದೆ. ಹಾಗಾಗಿ ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವು ಹತ್ತಿ ದಿನಾ ಊಟಿಗೆ ಹೋಗುವವರು ಟರ್ಬೊ ಎಂಜಿನ್ ಬೇಕು ಎಂದರೆ ಅದಕ್ಕೆ ಅರ್ಥವಿದೆ. ಬಣ್ಣಾರಿಯಿಂದ ದಿಂಬಂನ 27 ತಿರುವು ಹತ್ತಿ ತಾಳವಾಡಿಗೆ ಹೇರು ಸಾಗಿಸುವವರಿಗೂ ಒಂದಷ್ಟು ಅರ್ಥವಿದೆ. ಕುಂಬಳೆಯಿಂದ ಪೆರ್ಲಕ್ಕೆ ಹೋಗಿ ಬರುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಹೊಸತಕ್ಕೂ ಹಳತಕ್ಕೂ ಮಾಡುವ ಹೋಲಿಕೆ

ಎಂಜಿನ್ ಬದಲಿಸಿದವರ ಸಂತೋಷದ ಹಿಂದೆ ಇನ್ನೊಂದು ಗುಟ್ಟಿದೆ. ಅವರು ಹೋಲಿಸುವುದು ಎರಡು ಬಗೆಯ ಎಂಜಿನ್ನುಗಳನ್ನಲ್ಲ, ಮುಪ್ಪು ಹಿಡಿದದ್ದನ್ನು ಗಟ್ಟಿಮುಟ್ಟಾದದ್ದರ ಜೊತೆ. ಉದಾಹರಣೆಗೆ ಟೊಯೊಟಾ ಕ್ವಾಲಿಸ್. 2000ದಿಂದ 2005ರವರೆಗೆ ನಮ್ಮಲ್ಲಿ ಮಾರಾಟವಾದ ಆ ವಾಹನದ 2446 ಸಿಸಿ ಡೀಸೆಲ್ ಎಂಜಿನ್ನಿಗೆ ಸುಮಾರು 75 ಎಚ್‌ಪಿ ಶಕ್ತಿ. ಬಾಳಿಕೆಯ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯ ಸ್ಥಿತಿಯ ಪ್ಯೂಜೋಗಿಂತ ಅದು ಹೆಚ್ಚು ಕೊಡುವುದು ಹದಿಮೂರು ಎಚ್‌ಪಿ. ಸವೆದು 40-45ಕ್ಕೆ ಇಳಿದ ಎಂಜಿನ್ ತೆಗೆದು ಅದನ್ನಿಟ್ಟರೆ ವ್ಯತ್ಯಾಸ 30 ಎಚ್‌ಪಿ ಎನಿಸುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಳೆಯ ಎಂಜಿನ್ನಿನ ಕೆಲಸ ಮಾಡಿಸಿದ್ದರೂ ಸಿಗುತ್ತಿತ್ತು.

ಅದಕ್ಕೇ ಮೊದಲು ಪರೀಕ್ಷೆ ಆಗಲಿ. ಕ್ಲಚ್ ಪ್ಲೇಟ್ ಸವೆದು ಜಾರುತ್ತಿದ್ದರೂ ಏರಿನಲ್ಲಿ ಎಂಜಿನ್ ಕೂಗುತ್ತದೆ, ಜೀಪು ಹೋಗುವುದಿಲ್ಲ. ಬ್ರೇಕ್ ಶೂ ಡ್ರಮ್ಮಿಗೆ ಹಿಡಿದುಕೊಂಡಿದ್ದರೂ ಹಾಗೆಯೇ. ಸ್ವಲ್ಪ ದೂರ ಓಡಿಸಿ ಇಳಿದು ನಾಲ್ಕೂ ಡ್ರಮ್ಮಿನ ಬಳಿ ಕೈ ಹಿಡಿದು ನೋಡಿ, ಒಂದು ಮಾತ್ರ ಸುಡುತ್ತಿದ್ದರೆ ಕಾರಣ ಗೊತ್ತಾಯಿತು. ಆಕ್ಸಿಲೇಟರ್ ಪೂರ್ತಿ ಒತ್ತಿದಾಗ ಪಂಪಿನ ಮೇಲಿನ ಲಿವರ್ ಕೊನೆಯವರೆಗೆ ಹೋಗುತ್ತದೆಯೇ ಎಂದು ಒಬ್ಬರನ್ನು ಕೂರಿಸಿ ನೋಡಬೇಕು. ಕೇಬಲ್ ಸಡಿಲವಾಗಿ ಅರ್ಧ ಶಕ್ತಿಯಲ್ಲೇ ವರ್ಷಗಟ್ಟಲೆ ಓಡುವ ಜೀಪುಗಳಿವೆ. ಎಣ್ಣೆ ಬಟ್ಟಲಿನ ಏರ್ ಫಿಲ್ಟರಿನಲ್ಲಿ ಕೆಂಪು ಧೂಳು ಗಟ್ಟಿಯಾಗಿದ್ದರೆ ಎಂಜಿನ್ನಿಗೆ ಉಸಿರು ಸಿಗುವುದಿಲ್ಲ. ಹಳೆಯ ಟ್ಯಾಂಕಿನ ತುಕ್ಕು ಡೀಸೆಲ್ ಫಿಲ್ಟರನ್ನು ಕಟ್ಟಿಹಾಕಿರಬಹುದು.

ಇವೆಲ್ಲ ಸರಿಯಿದ್ದೂ ಎಳೆಯದಿದ್ದರೆ ಹೊಗೆ ನೋಡಿ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವಿನ ಕಡೆ ಕೆಲಸವಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ನಾಝಲ್, ಟೈಮಿಂಗ್ ಅಥವಾ ಕಂಪ್ರೆಷನ್ ನೋಡಬೇಕು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ರೈಲಿನ ಹಾಗೆ ಹೊಗೆ ಉಗುಳಿದರೆ ಪಿಸ್ಟನ್ ಪಕ್ಕದಿಂದ ಒತ್ತಡ ಕೆಳಗೆ ನುಗ್ಗುತ್ತಿದೆ ಎಂದರ್ಥ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ, ಗಾಳಿಯನ್ನು ಒತ್ತಿ ಬಿಸಿ ಮಾಡಿಯೇ ಅದು ಉರಿಯಬೇಕು. ಕಂಪ್ರೆಷನ್ ಹೋದರೆ ಶಕ್ತಿಯೂ ಹೋಯಿತು. ಕಂಪ್ರೆಷನ್ ಮೀಟರ್ ಇಟ್ಟು ನಾಲ್ಕು ಸಿಲಿಂಡರನ್ನೂ ಅಳೆಯುವ ಕೆಲಸಕ್ಕೆ ಅರ್ಧ ದಿನ ಸಾಕು. ಅಳೆಯದೆ ‘ಎಂಜಿನ್ ಹೋಯಿತು’ ಎನ್ನುವ ವರ್ಕ್‌ಶಾಪಿನಿಂದ ಜೀಪು ಹೊರಗೆ ತರುವುದೇ ಲೇಸು.

ಪಂಪಿನ ಸ್ಕ್ರೂ ಮತ್ತು ಟರ್ಬೊ

ಎಲ್ಲಕ್ಕಿಂತ ಅಗ್ಗದ ‘ಅಪ್‌ಗ್ರೇಡ್’ ಎಂದರೆ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸುವುದು. ನಮ್ಮ ಜೀಪುಗಳ ಪಂಪು, ನಾಝಲ್‌ಗಳಿಗೆ ಇಂದಿಗೂ ‘ಮೈಕೋ’ ಎಂದೇ ಹೆಸರು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆದರೂ ಗ್ಯಾರೇಜಿನ ಬಾಯಲ್ಲಿ ಹೆಸರು ಬದಲಾಗಿಲ್ಲ. ಪಂಪಿನಲ್ಲಿ ಡೀಸೆಲಿನ ಗರಿಷ್ಠ ಪ್ರಮಾಣ ನಿಗದಿ ಮಾಡುವ ಸ್ಕ್ರೂ ಇರುತ್ತದೆ, ಅದಕ್ಕೆ ಸೀಲು ಹಾಕಿರುತ್ತಾರೆ. ಸೀಲು ಒಡೆದು ಅದನ್ನು ತಿರುಗಿಸಿದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುತ್ತದೆ. ಸ್ವಲ್ಪ ಮಟ್ಟಿಗೆ ಪುಲ್ಲಿಂಗ್ ಹೆಚ್ಚುವುದೂ ನಿಜ. ಆದರೆ ಉರಿಯಲು ಗಾಳಿ ಅಷ್ಟೇ ಇರುವುದರಿಂದ ಬೇಗನೆ ಕಪ್ಪು ಹೊಗೆ ಶುರುವಾಗುತ್ತದೆ. ಅದರಾಚೆಗೆ ಹಾಕಿದ ಡೀಸೆಲ್ ಶಕ್ತಿಯಾಗುವುದಿಲ್ಲ, ಬಿಸಿಯಾಗುತ್ತದೆ. ಪಿಸ್ಟನ್ನಿನ ತಲೆ, ಸಿಲಿಂಡರ್ ಹೆಡ್ ಆ ಬಿಸಿಯನ್ನು ತಡೆಯಬೇಕು. ಹಳೆಯ ಡೀಸೆಲ್ ವಾಹನಗಳಿಗೆ ಹೊಗೆ ಪರೀಕ್ಷೆಯಲ್ಲಿ 65 ಯೂನಿಟ್ ಮಿತಿ ಇದೆ, ಅದನ್ನೂ ದಾಟಲಿಕ್ಕಿಲ್ಲ. ಪಂಪನ್ನು ಬಿಚ್ಚಿ ಟೆಸ್ಟ್ ಬೆಂಚಿನ ಮೇಲಿಟ್ಟು ಕಂಪನಿಯ ಲೆಕ್ಕಕ್ಕೆ ಸರಿಹೊಂದಿಸುವುದು ಬೇರೆ ಮಾತು. ಮುದಿ ಜೀಪಿಗೆ ಅದಕ್ಕಿಂತ ಒಳ್ಳೆಯ ಚಿಕಿತ್ಸೆ ಕಡಿಮೆ.

ಟರ್ಬೊ ಇದರ ಇನ್ನೊಂದು ಅರ್ಧ. ಅದು ಗಾಳಿ ಹೆಚ್ಚು ಕೊಡುತ್ತದೆ. ಡೀಸೆಲ್ ಹೆಚ್ಚಿಸದೆ ಬರೀ ಟರ್ಬೊ ಕೂರಿಸಿದರೆ ಬಯಲು ಸೀಮೆಯಲ್ಲಿ ಹೊಗೆ ಕಡಿಮೆಯಾಗುತ್ತದೆ ಹೊರತು ಹೇಳಿಕೊಳ್ಳುವಂಥ ಶಕ್ತಿ ಬರುವುದಿಲ್ಲ. ಎರಡನ್ನೂ ಹೆಚ್ಚಿಸಿದರೆ ಶಕ್ತಿ ಖಂಡಿತ ಬರುತ್ತದೆ, ಆದರೆ ಟರ್ಬೊಗೆಂದು ಮಾಡದ ಎಂಜಿನ್ ಅದನ್ನು ಎಷ್ಟು ಕಾಲ ತಾಳೀತು ಎಂಬುದು ಪ್ರಶ್ನೆ. ಪ್ಯೂಜೋದಂಥ ಎಂಜಿನ್ನುಗಳಲ್ಲಿ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೀರಿ ಒತ್ತಲಾಗುತ್ತದೆ. ಮೊದಲೇ ಅಷ್ಟು ಒತ್ತಡವಿರುವಲ್ಲಿ ಟರ್ಬೊ ಮತ್ತಷ್ಟು ತುರುಕಿದರೆ ಹೆಡ್ ಗ್ಯಾಸ್ಕೆಟ್ ಮೊದಲು ದೂರು ಕೊಡುತ್ತದೆ.

ಗಲ್ಫಿನಲ್ಲಿ ದುಡಿದು ಬಂದ ನಮ್ಮವರು ಅಲ್ಲಿಯ ಲ್ಯಾಂಡ್ ಕ್ರೂಸರಿಗೆ ಟರ್ಬೊ ಹಾಕುವುದಿಲ್ಲವೇ ಎಂದು ಕೇಳುವುದುಂಟು. ಹಾಕುತ್ತಾರೆ. ಆದರೆ ಅದು ಆರು ಸಿಲಿಂಡರಿನ, 4.2 ಲೀಟರಿನ ದೈತ್ಯ ಎಂಜಿನ್. ಆ ಟೊಯೊಟಾ ಕಂಪನಿಯೇ 1990ರಲ್ಲಿ ಅದೇ ಗಾತ್ರದಲ್ಲಿ ಎರಡು ಎಂಜಿನ್ ತಂದಿತು, ಒಂದು ಟರ್ಬೊ ಇಲ್ಲದ್ದು, ಒಂದು ಟರ್ಬೊ ಇರುವುದು. ಎರಡನೆಯದು ಮೊದಲನೆಯದಕ್ಕೆ ಟರ್ಬೊ ಕಟ್ಟಿದ್ದಲ್ಲ. ಡೀಸೆಲ್ ಉರಿಯುವ ವಿಧಾನವನ್ನೇ ಬದಲಿಸಿ, ನೇರವಾಗಿ ಪಿಸ್ಟನ್ ಮೇಲೆ ಚಿಮ್ಮಿಸುವ ಹಾಗೆ ಒಳಗಿನಿಂದ ಬೇರೆಯಾಗಿ ಕಟ್ಟಿದ ಎಂಜಿನ್ ಅದು. ಕಂಪನಿಯೇ ಅಷ್ಟು ಮಾಡಬೇಕಾಯಿತು ಎಂದರೆ ಬೋಲ್ಟ್ ಬಿಗಿದು ಕೈತೊಳೆದುಕೊಳ್ಳುವ ಕೆಲಸ ಇದಲ್ಲ ಎಂದಾಯಿತು.

ಎಂಜಿನ್ ಬಲವಾದರೆ ಮುರಿಯುವುದು ಯಾವುದು?

ಮೊದಲೇ ಹೇಳಿದ ಸಂಗತಿ ಈಗ ಬರುತ್ತದೆ. ಹಳೆಯ ಮೂರು ಗೇರಿನ ಪೆಟ್ಟಿಗೆಯನ್ನು ವಿಲ್ಲಿಸಿನವರು ಕೂರಿಸಿದ್ದು 14ರಿಂದ 16 ಕೆಜಿ-ಮೀಟರ್ ಟಾರ್ಕಿನ ಪೆಟ್ರೋಲ್ ಎಂಜಿನ್ನುಗಳ ಹಿಂದೆ. ಪ್ಯೂಜೋದ 12 ಅದಕ್ಕೆ ಹಗುರ. 18 ಅದರ ಮಿತಿಯನ್ನು ಮೀರಿದ್ದು. ಲೋ ಗೇರಿನಲ್ಲಿ ಅದೇ 18 ಎಂಬುದು 37 ಪಟ್ಟಾಗಿ ಹಿಂದಿನ ಆಕ್ಸಲ್ ಶಾಫ್ಟಿನ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಗಿರ್ರನೆ ತಿರುಗುತ್ತಿದ್ದ ಚಕ್ರ ಒಮ್ಮೆಲೇ ಬಂಡೆಗೆ ತಾಗಿ ಹಿಡಿತ ಸಿಕ್ಕಿದ ಕ್ಷಣ ಜಾಯಿಂಟಿನ ಕ್ರಾಸ್, ಇಲ್ಲವೇ ಶಾಫ್ಟ್, ಇಲ್ಲವೇ ಕ್ರೌನ್-ಪಿನಿಯನ್ ಹೋಗುತ್ತದೆ. ಹೆಚ್ಚಿನ ಶಕ್ತಿ ಎಂದರೆ ಹೆಚ್ಚಿನ ಬಿಸಿ ಕೂಡ, ಆದ್ದರಿಂದ ರೇಡಿಯೇಟರ್ ದೊಡ್ಡದಾಗಬೇಕು. ತೂಕದ ಎಂಜಿನ್ ಆದರೆ ಮುಂದಿನ ಪಟ್ಟಿಗಳೂ ಗಟ್ಟಿಯಾಗಬೇಕು.

ಇದೆಲ್ಲ ಹಣದ ಮಾತು. ಜೀವದ ಮಾತು ಬ್ರೇಕಿನದು. ಹಳೆಯ ಜೀಪುಗಳಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್, ಅನೇಕಕ್ಕೆ ಬೂಸ್ಟರ್ ಕೂಡ ಇಲ್ಲ. ನಿಧಾನ ಓಡುವ ವಾಹನಕ್ಕೆ ಅದು ಸಾಕಿತ್ತು. ವೇಗ ಗಂಟೆಗೆ 40ರಿಂದ 60ಕ್ಕೆ ಏರಿದರೆ ನಿಲ್ಲಿಸಲು ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಘಾಟಿ ಇಳಿಯುವಾಗ ಡ್ರಮ್ ಕಾದು ಹಿಡಿತ ಬಿಡುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕು ಎಂದು ಹಿರಿಯ ಡ್ರೈವರುಗಳು ಹೇಳುವುದು ಎಂಜಿನ್ ಹಿಡಿದುಕೊಳ್ಳಲಿ ಎಂದು. ಬಲದ ಎಂಜಿನ್ ಹಾಕಿ ಟಾಪ್ ಗೇರಿನಲ್ಲೇ ಏರಿದವರು ಟಾಪ್ ಗೇರಿನಲ್ಲೇ ಇಳಿಯುತ್ತಾರೆ, ಆಗ ಹಿಡಿದುಕೊಳ್ಳುವುದು ಬ್ರೇಕ್ ಒಂದೇ. ಹಿಂದೆ ಎಂಟು ಜನ ಕೆಲಸದವರನ್ನು ಕೂರಿಸಿಕೊಂಡು ಹೋಗುವ ಜೀಪಿಗೆ ಎಂಜಿನ್ನಿನ ಮುಂಚೆ ಬೂಸ್ಟರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕಿನ ಬಗ್ಗೆ ಯೋಚಿಸದ ವರ್ಕ್‌ಶಾಪನ್ನು ನಾನಂತೂ ನಂಬುವುದಿಲ್ಲ.

ಕಾಗದ ಪತ್ರದ ತೊಡಕು

ಗಡಿ ಊರಿನವರಿಗೆ ಇದು ಎಲ್ಲರಿಗಿಂತ ಹೆಚ್ಚು ತಟ್ಟುವ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹಾಳಾದ ಎಂಜಿನ್ ಬದಲಿಗೆ ಅದೇ ಕಂಪನಿಯ ಅದೇ ಮಾದರಿಯದನ್ನು ಸಾರಿಗೆ ಕಚೇರಿಯ ಒಪ್ಪಿಗೆಯೊಂದಿಗೆ ಹಾಕಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಬರೆಸಿಕೊಳ್ಳುವುದು ಬೇರೆ. ಜೀಪಿಗೆ ಕ್ವಾಲಿಸ್ ಎಂಜಿನ್ ಎಂಬುದು ಆ ಸಾಲಿಗೆ ಸೇರುವುದಿಲ್ಲ. ಮಹೀಂದ್ರದ್ದೇ ಡಿಐ ಆದರೂ ಮಾದರಿ ಬೇರೆಯಾದ್ದರಿಂದ ಕೆಲಸ ಶುರು ಮಾಡುವ ಮುಂಚೆಯೇ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಬೇಕು.

‘ಊರಿನೊಳಗೆ ಓಡುವ ಜೀಪು, ಯಾರು ನೋಡುತ್ತಾರೆ’ ಎನ್ನುವವರು ಮೂರು ಸಂದರ್ಭ ಮರೆತಿರುತ್ತಾರೆ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ಆರ್‌ಸಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ವಾಹನ ತೋರಿಸಲೇಬೇಕು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದರಲ್ಲಿ ಎಂಜಿನ್ ನಂಬರೂ ಒಂದು. ಮೂರನೆಯದು ನಮ್ಮ ಗಡಿಯದ್ದೇ. ಪುತ್ತೂರಿನ ಕೆಎ 21 ಜೀಪು ಕಾಸರಗೋಡಿಗೆ, ಕಾಸರಗೋಡಿನ ಕೆಎಲ್ 14 ಸುಳ್ಯಕ್ಕೆ ಕೈಬದಲಾಗುವುದು ಇಲ್ಲಿ ದಿನನಿತ್ಯದ ವ್ಯವಹಾರ. ಬೇರೆ ರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿ ಹೊಸದಾಗಿ ನೋಂದಾಯಿಸಬೇಕು, ನೋಂದಣಿಗೆ ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡೂ ಆರ್‌ಸಿಗೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಹಣ ಕೊಟ್ಟು ತಂದ ಜೀಪು ಎರಡೂ ರಾಜ್ಯಕ್ಕೆ ಬೇಡವಾದದ್ದಾಗಿ ಅಂಗಳದಲ್ಲಿ ನಿಲ್ಲುತ್ತದೆ.

ಆದ್ದರಿಂದ ಗಡಿಯಾಚೆಯಿಂದ ಹಳೆಯ ಜೀಪು ಕೊಳ್ಳುವವರು ಅಡ್ವಾನ್ಸ್ ಕೊಡುವ ಮುಂಚೆ ಬಾನೆಟ್ ಎತ್ತಿಸಿ, ಎಂಜಿನ್ ಬ್ಲಾಕಿನ ಮೇಲಿನ ನಂಬರನ್ನು ಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣ ಉಜ್ಜಿ ಓದಿ ಆರ್‌ಸಿಯ ಜೊತೆ ಹಿಡಿದು ನೋಡಬೇಕು. ಅನಂತರ ನಿಮ್ಮ ತೋಟದ ಹೇರಿನಷ್ಟೇ ಹೇರು ಹಾಕಿಸಿ ಅಲ್ಲಿಯ ಒಂದು ಏರನ್ನು ಹತ್ತಿಸಿ, ಅದೇ ಏರನ್ನು ಅದೇ ಗೇರಿನಲ್ಲಿ ಇಳಿಸಿ ಬ್ರೇಕ್ ನೋಡಿ. ಬೆಲೆ ಮಾತಾಡುವುದು ಆಮೇಲೆ.